ಶನಿವಾರ ನಾಲ್ಕೂವರಿಯ ಪಡಸಾಲಿ

ಅಮರೇಶಪ್ಪ ಅಂದ್ರ ಹೈದರಾಬಾದಿನ ಸರಕಾರಿ ಟಿವಿ ಕೇಂದ್ರದಾಗ ಚಾರ್ಟ್ ಬರಿಯೋ ಮನಷ್ಯಾ. ಚಾರ್ಟ್ ಅಂದ್ರ ಏನೋ ಭಾರೀ ಅಂತ ತಿಳೀಬ್ಯಾಡ್ರಿ. ಯಾವ ದಿನ, ಎಷ್ಟು ಹೊತ್ತಿಗೆ, ಏನು ತೋರಸ್ಬೇಕು, ಅಷ್ಟ. ಆದ್ರ ವಾರದ ಏಳೂ ದಿನ ಎಲ್ಲಾರನ್ನೂ ಸಮಾಧಾನ ಮಾಡೂದು ಸುಮ್ನ ಆಗೋ ಮಾತಾ? ಸೋಮವಾರ ರೈತರು ಫೋನ್ ಹಚ್ಚಿ ಹತ್ತಿಗೆ ಬಿದ್ದ ಹುಳದ ಸುದ್ದಿ ಕೇಳ್ತಾರ. ಮಂಗಳವಾರ ಡಾಕ್ಟರು ಕೂಡ್ತಾರ. ಬುಧವಾರ ಉರ್ದು ಶಾಯರಿ, ಗುರುವಾರ ಡೋಲು ಬಡಕೋಂತ ಹಾಡೂ ತೆಲಂಗಾಣದ ಒಗ್ಗು ಕಥಿ, ಶುಕ್ರವಾರ ಹಳೇ ಸಿನಿಮಾ, ರವಿವಾರ ಸಾಲಿ ಹುಡುಗ್ರ ಕ್ವಿಜ್ಜು. ಒಂದಕ್ಕ ಐದು ನಿಮಿಷ ಕಡಿಮಿ ಮಾಡಿದ್ರ ಸಾಕು, ಅದರ ಮಂದಿ ಜಗಳಕ್ಕ ಬರ್ತಾರ. ಈ ಜಗಳ ಬಗಿಹರಿಸಿ ಬಗಿಹರಿಸಿನ ಅಮರೇಶಪ್ಪನ ತಲಿ ಬೋಳಾಗಿತ್ತು.

ಶನಿವಾರ ಬಿಟ್ಟುಹೋತು ಅಂತೀರೇನು? ಬಿಟ್ಟಿಲ್ಲ, ಬೇಕಂತನ ಕಡೀಕ ಇಟ್ಟದ್ದು. ಶನಿವಾರ ಸಂಜಿ ನಾಲ್ಕೂವರಿಗೆ ‘ಪಡಸಾಲಿ’. ಅರ್ಧ ತಾಸು, ಪೂರಾ ಕನ್ನಡ. ಒಂದು ಹಾಡು, ಒಂದು ಅಡಿಗಿ, ಒಂದಿಷ್ಟು ಹರಟಿ. ನಿರೂಪಣಿ ಮಾಡಾವ್ರು ಏನು ಕೇಳಬೇಕು, ಅದನ್ನೂ ಅಮರೇಶಪ್ಪನ ಬರಕೊಡ್ತಿದ್ದ. ಇದನ್ನ ಇಪ್ಪತ್ನಾಕು ವರ್ಷದ ಹಿಂದ ಅಮರೇಶಪ್ಪ ಆಗಿನ ಸಾಹೇಬರ ಮುಂದ ಹಟ ಹಿಡಿದು ಹಾಕ್ಸಿದ್ದ. ಸನತ್‌ನಗರದ ಕಾರ್ಖಾನ್ಯಾಗ, ಪಟಾನ್‌ಚೆರುವಿನ ಔಷಧದ ಕಂಪನ್ಯಾಗ ಬೀದರ, ಕಲಬುರ್ಗಿ, ರಾಯಚೂರ ಮಂದಿ ರಗಡ ಅದಾರ, ಅವರಿಗೂ ಒಂದು ಕಾರ್ಯಕ್ರಮ ಬೇಕು ಅಂತ ಫೈಲಿನ್ಯಾಗ ಬರದಿದ್ದ. ಅದೇನು ಸುಳ್ಳಲ್ಲ. ಆದ್ರ ಖರೇ ಕಾರಣ ಫೈಲಿನ್ಯಾಗ ಇರ್ಲಿಲ್ಲ.

ಖರೇ ಕಾರಣ ಅವನ ಹೆಂಡ್ತಿ ಶೋಭಾ. ಲಿಂಗಸುಗೂರಿನಿಂದ ಲಗ್ನ ಆಗಿ ದಿಲ್‌ಸುಖ್‌ನಗರಕ್ಕ ಬಂದ ಹೊಸತನದಾಗ, ಒಂದಿನ ಕಾಯಿಪಲ್ಯದಾಕಿ ಕೂಡ ಹರಕು ಮುರಕು ತೆಲುಗು ಮಾತಾಡಿ ಮ್ಯಾಲ ಬಂದಾಕಿ, ಚೀಲ ನೆಲಕ್ಕಿಟ್ಟು ಅತ್ತುಬಿಟ್ಟಿದ್ಲು. “ಮಾತಾಡಾಕ ಒಂದ ಒಂದು ಜೀವ ಇಲ್ರಿ ಇಲ್ಲಿ” ಅಂದಿದ್ಲು. ಅಮರೇಶಪ್ಪ ಮರುದಿನ ಆಫೀಸಿಗೆ ಹೋಗಿ ಫೈಲ್ ಬರದ. ಅದು ನಿನಗಾಗಿ ಅಂತ ಆಕಿಗೆ ಇವತ್ತಿನ ತನಕ ಹೇಳಿಲ್ಲ. ಹೇಳ್ಕೊಳ್ಳೋ ಪೈಕಿ ಅಲ್ಲ ಅಂವ. ಹಗಲೆಲ್ಲಾ ತೆಲುಗು, ಹಿಂದಿ ಮಾತಾಡಿ ಗಂಟಲ ಹರಕೊಂಡು ಮನಿಗೆ ಬಂದ್ರ, ಸ್ಟುಡಿಯೋದ ಬಾಗಲದ ಮ್ಯಾಲ ಕೆಂಪು ದೀಪ ಹತ್ತಿದಂಗ ಗಪ್ಪಚಿಪ್ಪ. “ಹೂಂ”, “ಉಹೂಂ”, “ಸಾಕು ಹಾಕಬ್ಯಾಡ”, ಅಲ್ಲಿಗೆ ಮುಗೀತು. ಇದ್ದ ಒಬ್ಬಾಕಿ ಮಗಳು ದೀಪ್ತಿ ಲಗ್ನ ಆಗಿ ಸೊಲ್ಲಾಪುರಕ್ಕ ಹೋದ ಮ್ಯಾಲಂತೂ ಮನಿಯಾಗ ಕುಕ್ಕರಿನ ಸೀಟಿನ ದೊಡ್ಡ ಮಾತು. ಊರಿಗೆ ಉಪಕಾರಿ, ಮನಿಗೆ ಮಾರಿ ಅಂತಾರಲ್ಲ, ಇಂಥವರನ್ನ ನೋಡೇ ಅಂದಿರ್ಬೇಕು.

ಇಂಥಾ ಅಮರೇಶಪ್ಪಗ ಒಂದು ಸೋಮವಾರ ಬರಸಿಡಿಲು ಬಡೀತು. ಕೇಂದ್ರಕ್ಕ ಹೊಸದಾಗಿ ಬಂದ ದೊಡ್ಡ ಅಧಿಕಾರಿ ವಸುಂಧರಾ ಮೇಡಂ ಮುಂದಿನ ತಿಂಗಳ ಚಾರ್ಟಿನ್ಯಾಗ ಶನಿವಾರ ನಾಲ್ಕೂವರಿಗೆ ಕೆಂಪು ಗೆರಿ ಎಳದು, “ಅಡಿಗಿ ಕಾರ್ಯಕ್ರಮ, ಮರುಪ್ರಸಾರ” ಅಂತ ಬರದು ಕಳಿಸಿದ್ರು.

“ಅಮರೇಶಪ್ಪಗಾರು, ಮೂರು ವರ್ಷದಾಗ ಕನ್ನಡದಾಗ ಒಂದ ಒಂದು ಪತ್ರ ಬಂದಿಲ್ಲ” ಅಂದ್ರು ಮೇಡಂ. ಆಫೀಸಿನ ಮಾತೆಲ್ಲಾ ತೆಲುಗಿನ್ಯಾಗ, ಅದನ್ನ ಬ್ಯಾರೆ ಹೇಳಬೇಕಾಗಿಲ್ಲ. “ವಾಟ್ಸಾಪ್ ಇಲ್ಲ, ಫೋನ್ ಇಲ್ಲ. ಯಾರೂ ನೋಡದ್ದನ್ನ ಯಾಕ ನಡಸ್ತೀರಿ ಅಂತ ದಿಲ್ಲಿಯವರು ಕೇಳಿದ್ರ ನಾ ಏನು ತೋರಸ್ಲಿ? ಮುಂದಿನ ಸೋಮವಾರದೊಳಗ ಏನರ ಇದ್ರ ತಂದುಕೊಡ್ರಿ.”

ಮೇಡಂ ಕೆಟ್ಟ ಹೆಣಮಗಳಲ್ಲ. ಕೇಳಿದ್ದರಾಗೂ ತಪ್ಪಿರ್ಲಿಲ್ಲ. ಆ ಅರ್ಧ ತಾಸು ಹೋತು ಅಂದ್ರ ಶೋಭಾ ಶನಿವಾರ ಸಂಜಿ ಏನು ಮಾಡ್ತಾಳ ಅನ್ನೋ ಒಂದ ಚಿಂತಿ ಹಚ್ಕೊಂಡು ಅಮರೇಶಪ್ಪ ಚಾರ್ಟ್ ಎತ್ಕೊಂಡು ಹೊರಗ ಬಂದ.

ಮಂಗಳವಾರ ಡಾಕ್ಟರ ಕಾರ್ಯಕ್ರಮ. ಕಂಟ್ರೋಲ್ ರೂಮಿನ್ಯಾಗ ಫೋನ್ ಎತ್ತೂ ಕೆಲಸ ಅವತ್ತು ಅಮರೇಶಪ್ಪಂದು. ಪಟಾನ್‌ಚೆರುವಿನಿಂದ ಚಂದ್ರಾಮ ಅನ್ನಾಂವ ಒಬ್ಬ ಮಾತಾಡಿದ. ಔಷಧದ ಕಂಪನ್ಯಾಗ ಎಂಟು ತಾಸು ನಿಂತು ನಿಂತು ಮೊಣಕಾಲು ಹಿಡ್ಕೊಂಡೈತಿ, ಏನು ಮಾಡ್ಲಿ ಅಂತ ತೆಲುಗಿನ್ಯಾಗ ಕೇಳಿದ. ಡಾಕ್ಟರು ಹೇಳಿದ್ರು. ಲೈನ್ ಕಟ್ ಮಾಡೂಕಿಂತ ಮುಂಚೆ ಅಂವ ತೆಲುಗಿನ್ಯಾಗನ ಅಮರೇಶಪ್ಪಗ ಅಂದ, “ಸಾರ್, ಶನಿವಾರದ ಪಡಸಾಲಿ ನಮ್ಮವ್ವ ಒಂದು ವಾರಾನೂ ತಪ್ಪಸಂಗಿಲ್ಲ. ಎರಡು ಸಲ ಪತ್ರಾನೂ ಬರದೀನಿ.”

ಅಮರೇಶಪ್ಪನ ಕಿವಿ ನೆಟ್ಟಗಾದ್ವು. “ಯಾವೂರ್ರಿ ನಿಮ್ದು?” ಅಂತ ಕನ್ನಡದಾಗ ಕೇಳಿದ.

“ಹುಮನಾಬಾದ್ ರೀ! ಅಯ್ ಶಿವನ, ನೀವೂ ನಮ್ಮವರ ಏನ್ರಿ?”

“ಹೌದ್ರಿ. ಮತ್ತ ಪತ್ರ ಕನ್ನಡದಾಗ ಯಾಕ ಬರಿಲಿಲ್ರಿ?”

“ಸರಕಾರಿ ಆಫೀಸಿಗೆ ಬರಿಯೂದಲ್ರಿ ಸರ? ಕನ್ನಡದಾಗ ಬರದ್ರ ಅಲ್ಲಿ ಓದಾವ್ರು ಯಾರು, ಪಾಪ ಅವರಿಗ್ಯಾಕ ತ್ರಾಸು ಅಂತ ತೆಲುಗಿನ್ಯಾಗ ಬರದೀನ್ರಿ. ನಾ ಓದಿದ್ದೂ ಇಲ್ಲೇ, ತೆಲುಗು ಸಾಲ್ಯಾಗ. ಕನ್ನಡ ಬಾಯಾಗ ಐತಿ, ಕೈಯಾಗಿಲ್ಲ.”

ಫೋನ್ ಇಟ್ಟವನ ಅಮರೇಶಪ್ಪ ಪತ್ರದ ಖೋಲಿಗೆ ಓಡಿದ. ಈ ವಾಟ್ಸಾಪ್ ಕಾಲದಾಗೂ ಸರಕಾರಿ ಟಿವಿಗೆ ಪೋಸ್ಟ್‌ಕಾರ್ಡ್ ಬರ್ತಾವ, ನಗಬ್ಯಾಡ್ರಿ. ಅಲ್ಲಿ ಯಾದಗಿರಿ ಅನ್ನೋ ಗುಮಾಸ್ತ ಪತ್ರಾನೆಲ್ಲಾ ಅಕ್ಷರ ನೋಡಿ ಬ್ಯಾರೆ ಬ್ಯಾರೆ ಗಂಟು ಕಟ್ತಿದ್ದ. ತೆಲುಗು ಅಕ್ಷರದ್ದು ತೆಲುಗು ಗಂಟಿಗೆ, ಹಿಂದಿದು ಹಿಂದಿ ಗಂಟಿಗೆ. ಕನ್ನಡದ ಖಾನೆ ಬರಿದಾಗಿ ಧೂಳ ತಿಂತಿತ್ತು. ಇಬ್ಬರೂ ನೆಲದ ಮ್ಯಾಲ ಕುಂತು ಮೂರು ವರ್ಷದ ತೆಲುಗು, ಹಿಂದಿ ಗಂಟು ಬಿಚ್ಚಿದ್ರು. ಒಂದೊಂದ ಹೊರಗ ಬಂದ್ವು. ಸನತ್‌ನಗರದ ಒಬ್ಬ ವೆಲ್ಡರ್, “ಪಡಸಾಲ್ಯಾಗ ಒಂದ್ಸಲ ಬೀಸೂಕಲ್ಲಿನ ಪದ ಹಾಡಸ್ರಿ” ಅಂತ ತೆಲುಗಿನ್ಯಾಗ ಬರದಿದ್ದ. ಒಬ್ಬಾಕಿ ನರ್ಸ್, ಎಣಗಾಯಿಗೆ ಗುರೆಳ್ಳು ಎಷ್ಟು ಹಾಕಬೇಕು ಅಂತ ಹಿಂದ್ಯಾಗ ಕೇಳಿದ್ಲು. ಎಲ್ಲಾ ಕೂಡಿ ಎಂಬತ್ತು ಪತ್ರ! ಕಂಕುಳಾಗ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದಂಗಾತು.

“ಇದೇನೋ ಯಾದಗಿರಿ, ಒಳಗಿದ್ದದ್ದನ್ನ ಓದೂದಿಲ್ಲೇನೋ?” ಅಂತ ಅಮರೇಶಪ್ಪ ಗದರಿಸಿದ.

“ಅಕ್ಷರ ನೋಡಿ ಕಟ್ಟು, ಟೈಮ್ ಹಾಳು ಮಾಡಬ್ಯಾಡ ಅಂತ ನೀವ ಹೇಳಿದ್ರಿ ಸಾರ್” ಅಂದ ಯಾದಗಿರಿ. ಹೌದು, ಅಂವನ ಹೇಳಿದ್ದ. ಹೊಸ್ತಿಲ ದಾಟಿದ ಕೂಡ್ಲೆ ಕನ್ನಡ ಮರಿಯೋದು ನಮ್ಮ ಮಂದಿಗೆ ಚಪ್ಪಲಿ ಮೆಟ್ಟಿದಷ್ಟು ಸಲೀಸು ಅನ್ನೋದು ಅವನಿಗೆ ಹೊಳೀಬೇಕಾಗಿತ್ತು. ಯಾಕಂದ್ರ ಅಂವಾನೂ ಅದನ್ನ ಮಾಡ್ತಿದ್ದ.

ಬುಧವಾರ ಪತ್ರದ ಗಂಟು ಮೇಡಂ ಮೇಜಿನ ಮ್ಯಾಲ ಇಟ್ಟ. ಮೇಡಂ ನಾಕೈದು ಓದಿದ್ರು, ನಕ್ಕರು, ಆಮ್ಯಾಲ ನಿಟ್ಟುಸಿರು ಬಿಟ್ರು. “ನನಗ ತಿಳೀತು. ದಿಲ್ಲಿಯವರಿಗೆ ತಿಳಿಯಂಗಿಲ್ಲ. ತೆಲುಗು ಬರಿಯಾವ್ರು ತೆಲುಗು ಕಾರ್ಯಕ್ರಮಾನ ನೋಡ್ಲಿ ಅಂತಾರ. ಒಂದು ಕೆಲಸ ಮಾಡ್ರಿ. ಈ ಶನಿವಾರ ಪಡಸಾಲಿ ಲೈವ್ ಮಾಡ್ರಿ, ಫೋನ್ ನಂಬರ್ ಕೊಡ್ರಿ. ಕನ್ನಡದಾಗ ಇಪ್ಪತ್ತು ಫೋನ್ ಬಂದ್ರ ನಡಸೂಣು. ನಾನ ಕುಂತು ಬರ್ಕೋತೀನಿ. ಆದ್ರ ಕನ್ನಡದಾಗ ಮಾತಾಡ್ರಿ ಅಂತ ಯಾರಿಗೂ ಕಲಿಸಿಕೊಡೂಹಂಗಿಲ್ಲ.”

ಗುರುವಾರ ಒಗ್ಗು ಕಥಿಯವರ ಡೋಲು ಅವನ ಎದಿಯಾಗ ಬಡದಂಗ ಆತು. ಶುಕ್ರವಾರ ಸಿನಿಮಾದ ನಡುನಡುವ ಪಡಸಾಲಿಯ ಫೋನ್ ನಂಬರ್ ಬಂತು. ಮನಿಯಾಗ ಗೆರಿ ಎಳದ ಚಾರ್ಟನ್ನ ಊಟದ ಮೇಜಿನ ಮ್ಯಾಲ ಬಿಟ್ಟು, ಎರಡು ದಿನ ಅರ್ಧ ರೊಟ್ಟಿಗೇ ಕೈ ತೊಳದ. ಶೋಭಾ ಚಾರ್ಟ್ ಸರಿಸಿ ತಾಟು ಇಟ್ಲು, ತಾಟು ಎತ್ತಿ, ಶನಿವಾರದ ಕೆಂಪು ಗೆರಿ ನೋಡಿ, ಚಾರ್ಟ್ ಮತ್ತ ಅಲ್ಲೇ ಇಟ್ಲು. “ಏನಾಗೈತ್ರಿ?” ಅಂದ್ಲು. “ಏನಿಲ್ಲ” ಅಂದ ಇಂವ.

ಶನಿವಾರ ಬಂತು. ನಾಲ್ಕೂವರಿಗೆ ಕೆಂಪು ದೀಪ ಹತ್ತಿತು. ಗಾಜಿನ ಆ ಕಡೆ ನಿರೂಪಣಿ ಮಾಡೂ ಹುಡುಗಿ ಮಾನಸಾ, ಈ ಕಡೆ ಅಮರೇಶಪ್ಪ, ಬಾಜೂಕ ಮೇಡಂ. ಅವರ ಕೈಯಾಗಿನ ಹಾಳಿ ಮ್ಯಾಲ ಒಂದು ಕಡೆ ತೆಲುಗು, ಇನ್ನೊಂದು ಕಡೆ ಕನ್ನಡ.

ಮೊದಲ ಫೋನು. “ನಮಸ್ಕಾರಮಂಡಿ!” ಮೇಡಂ ತೆಲುಗಿನ ಕಡೆ ಗೀಟು ಹಾಕಿದ್ರು. ಎರಡನೇದು, “ನಮಸ್ಕಾರಮಂಡಿ ಮೇಡಂಗಾರು!” ಮತ್ತೊಂದು ಗೀಟು. ಮೂರನೇದಂವ ಹಿಂದ್ಯಾಗ ಸುರು ಮಾಡಿದ. ಸಾಯ್ಲಿ ಈ ನಮ್ಮ ಮಂದಿ ಮರ್ಯಾದಿ!

“ಮೇಡಂ, ಸ್ವಲ್ಪ ತಡೀರಿ” ಅಂದ ಅಮರೇಶಪ್ಪ. “ಮೊದಲನೇ ಮಾತು ಸರಕಾರಕ್ಕ. ಎರಡನೇ ಮಾತು ಕೇಳಿ ಗೀಟು ಹಾಕ್ರಿ.”

ಒಳಗ ಮಾನಸಾ ನಕ್ಕೋಂತ ಕೇಳಿದ್ಲು, “ಅರಾಮ ಅದೀರೇನ್ರಿ? ಇವತ್ತ ಮನಿಯಾಗ ಅಡಿಗಿ ಏನ್ ಮಾಡಿದ್ರಿ?” ಅಷ್ಟ ಕೇಳಿದ್ದು ನೋಡ್ರಿ, ಹಿಂದಿ ಮಾತಾಡಾಕ ಹತ್ತಿದ್ದ ಮನಷ್ಯಾ, “ಏನ್ ಹೇಳ್ಲೆವ್ವಾ, ಹೆಂಡ್ತಿ ತವರಿಗೆ ಹೋಗ್ಯಾಳ, ಮೂರು ದಿನ ಆತು ಬರೇ ಚಿತ್ರಾನ್ನ” ಅಂತ ಕಟ್ಟಿ ಒಡದ ಕೆರಿಯಂಗ ಹರದ. ಮೇಡಂಗ ಕನ್ನಡ ಬರಂಗಿಲ್ಲ, ಆದ್ರ ದನಿ ಬದಲಾದದ್ದು ಯಾರಿಗೆ ತಿಳಿಯಂಗಿಲ್ಲ? ತೆಲುಗಿನ ಕಡೆಯಿಂದ ಪೆನ್ನು ಸರಿಸಿ, ಕನ್ನಡದ ಕಡೆ ಗೀಟು ಹಾಕಾಕ ಸುರು ಮಾಡಿದ್ರು. ಆರು. ಹನ್ನೊಂದು. ಹದಿನೇಳು. ಚಂದ್ರಾಮ ತನ್ನ ಅವ್ವಗ ಫೋನ್ ಕೊಟ್ಟ. ಹತ್ತೊಂಬತ್ತು.

ಐದಕ್ಕ ಎರಡು ನಿಮಿಷ ಇತ್ತು. ಮತ್ತೊಂದು ಫೋನ್ ಬಂತು. ಇದು ತೆಲುಗಿನ್ಯಾಗ ಸುರು ಆಗ್ಲಿಲ್ಲ.

“ನನ್ನ ಹೆಸರು ಬ್ಯಾಡ್ರಿ” ಅಂತ ಒಂದು ಹೆಣ್ಣು ದನಿ.

ಅಮರೇಶಪ್ಪಗ ದನಿ ಗುರ್ತು ಹತ್ತಿತು. ಶೋಭಾ! ಆಫೀಸಿನವರ ಮನಿ ಮಂದಿ ಕಾರ್ಯಕ್ರಮಕ್ಕ ಫೋನ್ ಮಾಡೂಹಂಗಿಲ್ಲ, ಅದು ಕಾಯ್ದೆ. ಲೈನ್ ಕಟ್ ಮಾಡೂ ಗುಂಡಿ ಅವನ ಬೆರಳಿನ ಕೆಳಗ ಇತ್ತು.

“ಶನಿವಾರಕ್ಕೊಮ್ಮೆ ನೀ ‘ಅರಾಮ ಅದೀರೇನು’ ಅಂತ ಕೇಳ್ತಿಯಲ್ಲವ್ವಾ” ಅಂದ್ಲು ಶೋಭಾ, “ನಾ ಇಲ್ಲಿ ಒಬ್ಬಾಕಿನ ಕುಂತು ನಿನಗ ಉತ್ತರಾ ಕೊಡ್ತೀನಿ. ಅರಾಮ ಅದೀನಿ, ಸೊಂಟ ನೋಯ್ತೈತಿ, ಮಗಳ ಫೋನ್ ಬಂದಿತ್ತು ಅಂತ. ಆ ಪ್ರಶ್ನಿ ನಿಂದಲ್ಲ ಅಂತ ನನಗ ಗೊತ್ತೈತಿ. ಅದನ್ನ ಬರಕೊಡಾಂವ ನನ್ನ ಮನಿಯಾಂವ. ಮನಿಗೆ ಬಂದು ಕೇಳಾಕ ಅವರಿಗೆ ಬಾಯಿ ಬರಂಗಿಲ್ಲ, ಅದಕ್ಕ ಟಿವಿಯೊಳಗಿಂದ ಕೇಳಸ್ತಾರ. ಇಪ್ಪತ್ನಾಕು ವರ್ಷ ಹಿಂಗ ನಡದೈತಿ. ಅದನ್ನೂ ಬಂದ್ ಮಾಡಿದ್ರ ನನ್ನ ಕೇಳಾವ್ರು ಯಾರವ್ವಾ?”

ಗುಂಡಿ ಒತ್ತಲಿಲ್ಲ ಅಮರೇಶಪ್ಪ. ಒಳಗ ಮಾನಸಾ ಕೈ ಮುಗದ್ಲು. ಕಾರ್ಯಕ್ರಮ ಮುಗೀತು.

“ಕಡೀಕ ಬಂದಾಕಿ ಏನಂದ್ಲು? ದನಿ ನಡಗಾಕ ಹತ್ತಿತ್ತಲ್ಲ” ಅಂದ್ರು ಮೇಡಂ.

ಅಮರೇಶಪ್ಪ ಒಂದೊಂದ ಮಾತು ತೆಲುಗಿಗೆ ಮಾಡಿ ಹೇಳ್ಕೋಂತ ಹೋದ. “ಅದನ್ನ ಬರಕೊಡಾಂವ ನನ್ನ ಮನಿಯಾಂವ” ಅನ್ನೂತನಕ ಬಂದು ನಿಂತುಬಿಟ್ಟ. ಕಣ್ಣಾಗ ನೀರು ಬಂದು ಮೇಡಂ ಮುಖಾನ ಕಾಣ್ಲಿಲ್ಲ. ಐವತ್ತಾರು ವರ್ಷದ ಮನಷ್ಯಾ, ನಾಚಿಕಿ ಬಿಟ್ಟು ಅಂಗೀ ತೋಳಿಲೆ ಕಣ್ಣು ಒರಸಿಕೊಂಡ.

“ಆ ಮನಿಯಾಂವ ನಾನ ಮೇಡಂ. ಆಕಿ ನನ್ನ ಹೆಂಡ್ತಿ. ಕಾಯ್ದೆ ಮುರದಾಳ. ಅದೊಂದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ.”

ಮೇಡಂ ಹಾಳಿ ನೋಡಿದ್ರು. ಹತ್ತೊಂಬತ್ತು, ಇಪ್ಪತ್ತಕ್ಕ ಒಂದು ಕಡಿಮಿ. ಅಷ್ಟರಾಗ ಮತ್ತ ಫೋನ್ ಬಡಕೊಂಡಿತು. ಲೈನ್ ಸಿಗದ ಒದ್ದಾಡಿದ ಸನತ್‌ನಗರದ ವೆಲ್ಡರ್, ಕಾರ್ಯಕ್ರಮ ಮುಗದದ್ದಕ್ಕ ಕನ್ನಡದಾಗ ಜಗಳಾ ತಗದಿದ್ದ. ಫೋನ್ ಎತ್ತಿದ ಯಾದಗಿರಿ ಒಂದಕ್ಷರಾನೂ ತಿಳೀದ ಪಿಳಿಪಿಳಿ ನೋಡಿದ. ಮೇಡಂ ನಕ್ಕು ಇಪ್ಪತ್ತನೇ ಗೀಟು ಹಾಕಿದ್ರು, ಚಾರ್ಟಿನ ಮ್ಯಾಲ ಅಡಿಗಿ ಕಾರ್ಯಕ್ರಮ ಹೊಡದು ಹಾಕಿ ಸಹಿ ಮಾಡಿದ್ರು.

“ನಿಮ್ಮ ಮನಿಯವರದನ್ನ ಲೆಕ್ಕಕ್ಕ ಹಿಡೀಲಿಲ್ಲ ಅಮರೇಶಪ್ಪಗಾರು. ಅದು ಕೇಂದ್ರಕ್ಕ ಬಂದ ಫೋನಲ್ಲ, ನಿಮಗ ಬಂದದ್ದು. ಹೋಗ್ರಿ ಮನಿಗೆ.”

ದಿಲ್‌ಸುಖ್‌ನಗರದ ಮೆಟ್ರೋ ಇಳದು, ಗದ್ದಲದಾಗ ಮಂದಿ ಸರಿಸ್ಕೋಂತ ಮನಿ ಮುಟ್ಟಿದ. ಶೋಭಾ ಅಡಿಗಿ ಮನಿಯಾಗ ಬೆನ್ನು ಮಾಡಿ ನಿಂತಿದ್ಲು. ಬೈಸ್ಕೊಳ್ಳಾಕ ತಯಾರಾಗಿದ್ದ ಬೆನ್ನು ಅದು. ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬಿಗೀಯಾಗಿ ಹಿಡ್ಕೊಂಡಿದ್ಲು.

ಪಡಸಾಲಿ ಉಳೀತು ಅಂತ ಹೇಳಬೇಕಂತ ದಾರಿ ತುಂಬ ಮಾತು ಕೂಡಿಸ್ಕೊಂಡು ಬಂದಿದ್ದ. ಒಂದೂ ನೆನಪಿಗೆ ಬರ್ಲಿಲ್ಲ. ಬಾಗಲಿಗೆ ಆನಿಸಿ ನಿಂತ.

“ಶೋಭಾ, ಅರಾಮ ಅದೀ?” ಅಂದ.

ಶೋಭಾ ಗ್ಯಾಸ್ ಆರಿಸಿದ್ಲು, ಒಂದು ಮಣಿ ಎಳದು ಅವನ ಮುಂದ ಹಾಕಿದ್ಲು.

“ಕುಂದರ್ರಿ” ಅಂದ್ಲು. “ಹೇಳೂದು ಭಾಳ ಐತಿ.”