ಜೇಲ್ನಾಗ ಕಲ್ತ ರೊಟ್ಟಿ

ಉಮರ್ಗಾದ ಹೈವೇ ಬಾಜೂಕ ಗೌರಾಬಾಯಿ ಖಾನಾವಳಿ ಅದ. ರೊಟ್ಟಿ ಬಡಿಯೋ ಹೆಣ್ಮಗಳು ಮಗಳ ಬಾಣಂತನಕ್ಕ ಉದಗೀರಕ್ಕ ಹೋಗ್ಯಾಳ. ಗಿರಾಕಿ ತಾಟ ಮುಂದಿಟ್ಕೊಂಡು ಕೂತಾರ, ರೊಟ್ಟಿನೇ ಇಲ್ಲ. ನಿಮ್ಮೂರಾಗೂ ಇದೇ ಹಾಡಲ್ಲೇನ್ರಿ? ಕೆಲಸಾ ಬೇಕಾದಷ್ಟು, ಮಾಡೋ ಕೈ ಇಲ್ಲ.

ಆಗ ಮಾಕಣಿಯ ಚಂಪಾಬಾಯಿ ಮಗ ಅಮರನಾಥ ಬಂದ. "ನಾ ಬಡೀತೀನ್ರಿ ಕಾಕೂ" ಅಂದ. ಗಂಡಸು ರೊಟ್ಟಿ ಬಡಿಯೋದಂದ್ರ! ಕೂತವರೆಲ್ಲಾ ನಕ್ಕರು. ಅಂವಾ ಹಿಟ್ಟು ನಾದಿ, ಬಡದು, ಹಂಚಿಗೆ ಹಾಕಿದ. ರೊಟ್ಟಿ ಪುರಿ ಹಂಗ ಉಬ್ಬಿತು. ನಕ್ಕವರೇ ಇನ್ನೊಂದು ಕೇಳಿ ಹಾಕಿಸ್ಕೊಂಡು ತಿಂದ್ರು.

"ಅಬ್ಬಬ್ಬಾ, ಎಂಥಾ ಕೈಯೋ ತಮ್ಮಾ! ಎಲ್ಲಿ ಕಲ್ತಿ?" ಅಂತ ಗೌರಾಬಾಯಿ ತಾನೂ ಒಂದು ತುತ್ತು ಮುರಕೋತ ಕೇಳಿದ್ಳು.

"ಜೇಲ್ನಾಗ್ರಿ."

ಗೌರಾಬಾಯಿ ಕೈಯಾನ ತುತ್ತು ತಾಟಿಗೆ ಬಿತ್ತು. ಹುಡುಗು ಬುದ್ಧಿಯಾಗ ಟ್ರಕ್ಕಿನ ಡೀಸೆಲ್ ಕದಿಯೋ ಮಂದಿ ಜೋಡಿ ಸೇರಿದ್ದ, ಸಿಕ್ಕಬಿದ್ದ, ಶಿಕ್ಷಾ ಮುಗಿಸಿ ಬಂದಾನ. ಎಲ್ಲಾ ತಾನೇ ಹೇಳಿದ. ಆದ್ರೂ ಆಕಿ, "ಪೊಲೀಸರಿಂದ ಚಾರಿತ್ರ್ಯದ ದಾಖಲಾ ತಗೊಂಡು ಬಾ, ಆಮ್ಯಾಲ ನೋಡೋಣು" ಅಂದ್ಳು.

"ಅದರಾಗೂ ಇದೇ ಇರ್ತದ್ರಿ" ಅಂದು ಅಂವಾ ಕೈ ತೊಳ್ಕೊಂಡು ಹೋದ.

ಸಂಜೀಕ ಬಚತ ಗಟದ, ಅಂದ್ರ ಹೆಣ್ಮಕ್ಕಳ ಉಳಿತಾಯ ಸಂಘದ, ಭುವನೇಶ್ವರಿ ಬಂದ್ಳು. ಆಕಿ ಕಾನೂನು ಶಿಬಿರಕ್ಕ ಹೋಗಿ ಬಂದಾಕಿ. ಗೌರಾಬಾಯಿ ನಡದದ್ದೆಲ್ಲಾ ಆಕಿ ಮುಂದ ಹೇಳಿದ್ಳು.

"ನಾಳಿ ಗಲ್ಲಾದಾಗಿನ ರೊಕ್ಕಾ ಬಳ್ಕೊಂಡು ಹೋದ್ರ?" ಅಂದ್ಳು ಗೌರಾಬಾಯಿ.

"ಗಲ್ಲಾದ ಕೀಲಿ ನಿನ್ನ ಸೊಂಟದಾಗ ಅದ. ಅಂವಾ ಕೇಳಿದ್ದು ಹಂಚು! ವಿಚಾರಸು, ಬ್ಯಾಡಂದೋರ್ಯಾರು? ಏನ್ ಮಾಡಿದ್ದ, ಯಾವಾಗ, ಈ ಕೆಲಸಕ್ಕೂ ಅದಕ್ಕೂ ಏನ್ ಸಂಬಂಧ, ಈಗ ಹ್ಯಾಂಗ ಅದಾನ, ಎಲ್ಲಾ ಕೇಳು. ಹೆಸರು ಚಾರಿತ್ರ್ಯದ ದಾಖಲಾ ಖರೆ, ಆದ್ರ ಅಂವಾ ಮಾಡಿದ್ದಷ್ಟೇ ಅದರಾಗ ಬರ್ತದ, ಅಂವಾ ಎಂಥಾಂವ ಅನ್ನೋದು ಬರಂಗಿಲ್ಲ. ಅಲ್ಲಕ್ಕಾ, ಕೋರ್ಟ್ ಕೊಟ್ಟ ಶಿಕ್ಷಾ ಮುಗದದ. ನೀ ಕೊಟ್ಟಿದ್ದು ಯಾವಾಗ ಮುಗೀತದ?"

ಗೌರಾಬಾಯಿ ಮಾರಿ ಸಣ್ಣದಾಯ್ತು. ಗಂಡ ಶಾಂತವೀರಪ್ಪ, "ಖರೆ ಅದ. ಮುಂಜಾನಿ ಕರಕೊಂಡು ಬರೋಣು" ಅಂದ.

ಮುಂಜಾನಿ ಇಬ್ಬರೂ ಮೋಟರ್‌ಸೈಕಲ್ ಮ್ಯಾಲ ಮಾಕಣಿಗೆ ಹೋದ್ರು. ಚಂಪಾಬಾಯಿ ಹೊಸ್ತಿಲ ಮ್ಯಾಲ ಕುಂತಿದ್ಳು, ಕಣ್ಣು ಬಾತಿದ್ದವು.

"ತಡಾ ಮಾಡಿದ್ರಲ್ರಿ ಬಾಯಿ. ಎಲ್ಲಾ ಕಡಿ ಕೆಲಸಾ ಕೇಳಿ ಆಗ್ಯದ, ನಿಮ್ಮದೇ ಕಡೀ ಬಾಗಲಾ ಅಂತ ಹೇಳಿ ಬಂದಿದ್ದ. ನಸುಕಿನಾಗ ಆ ಡೀಸೆಲ್ ಮಂದಿ ಗಾಡಿ ತಂದ್ರು. ಹೋಗಬ್ಯಾಡೋ ಅಂತ ಕಾಲು ಹಿಡದೆ. 'ಅವರಷ್ಟೇ ದಾಖಲಾ ಕೇಳಂಗಿಲ್ಲವ್ವಾ' ಅಂದು ಹೋದ."

"ಬಂದ್ರ ಕಳಸವ್ವಾ. ನಾ ದಾಖಲಾ ಕೇಳಂಗಿಲ್ಲ" ಅಂತ ಗೌರಾಬಾಯಿ ಅಳಕೋತ ಹೇಳಿದ್ಳು. ಅಂವಾ ಇನ್ನೂ ಬಂದಿಲ್ಲ.

ಅಣ್ಣಾರ, ಅಕ್ಕಾರ, ನಿಮ್ಮ ಬಾಗಲಕ್ಕೂ ಇಂಥಾಂವ ಒಬ್ಬ ಬರ್ತಾನ. ವಿಚಾರಸ್ರಿ, ಆದ್ರ ಒಳಗ ಕೂಡ್ಸಿ ವಿಚಾರಸ್ರಿ. ನೀವು ಹೊಳ್ಳಿ ಕಳಿಸಿದ್ರ, ಕರಕೊಂಡು ಹೋಗಾಕ ಆ ಗಾಡಿ ತಯಾರೇ ನಿಂತದ.