ಸಂಜೆಯ ಜ್ವರ

ಕಂಪ್ಯೂಟರಿನ ಪರದೆಯಲ್ಲಿ ಬೆಳ್ಳಗೆ ಮೂಡಿದ್ದ ಅಪ್ಪಿಯ ಬೆನ್ನುಮೂಳೆಯ ಎರಡು ಮಣಿಗಳ ನಡುವೆ ಪೆನ್ನಿನ ತುದಿಯಿಟ್ಟು ಡಾಕ್ಟರ್ ತೆರೆಸಾ, “ಟಿಬಿ,” ಎಂದರು. “ಕೀವು ನರವನ್ನು ಒತ್ತಿ ಹಿಡಿದಿತ್ತು. ಆಪರೇಷನ್ ಮಾಡಿ ತೆಗೆದಿದ್ದೇವೆ. ಕಾಲಿಗೆ ಶಕ್ತಿ ಪೂರ್ತಿ ಬರ್ತದಾ ಅಂತ ಈಗ ಹೇಳ್ಲಿಕ್ಕೆ ಆಗುದಿಲ್ಲ.”

ಎದುರು ಕುಳಿತಿದ್ದ ಝಹ್ರಾ ಮಡಿಲಲ್ಲಿದ್ದ ಫೈಲನ್ನು ಬಿಗಿಯಾಗಿ ಹಿಡಿದಳು. ಬೈಸಿಕೊಳ್ಳಲೆಂದೇ ದೇರೆಬೈಲಿನ ತನ್ನ ಕ್ಲಿನಿಕ್ಕಿಗೆ ಬಾಗಿಲು ಹಾಕಿ ಕೊಡಿಯಾಲ್‌ಬೈಲಿನ ಈ ಆಸ್ಪತ್ರೆಗೆ ಬಂದಿದ್ದಳು.

“ಆದ್ರೂ ನೀವು ಕಳಿಸಿದ್ದು ಒಳ್ಳೇದಾಯ್ತು,” ಎಂದರು ತೆರೆಸಾ. “ಝಹ್ರಾ ಡಾಕ್ಟ್ರೇ ಇಲ್ಲಿಗೆ ಹೋಗ್ಲಿಕ್ಕೆ ಹೇಳಿದ್ದು ಅಂತ ಅಪ್ಪಿ ಹೇಳಿದ್ರು. ನಮ್ಮ ಬೆನ್ನುನೋವಿನ ಕ್ಲಿನಿಕ್ಕಿಗೆ ನಿಮ್ಮಂಥ ಒಬ್ರು ಕೈರೋಪ್ರಾಕ್ಟರ್ ಬೇಕು ಅಂತ ನಾನು ಒಂದು ವರ್ಷದಿಂದ ಹೇಳ್ತಾ ಇದ್ದೇನೆ. ಸೋಮವಾರದ ಮೀಟಿಂಗಲ್ಲಿ ಇದನ್ನೇ ತೋರಿಸ್ತೇನೆ. ಆಯ್ತಲ್ಲ?”

ಝಹ್ರಾಳ ಬಾಯಿಂದ “ಹೂಂ” ಹೊರಟೇಹೋಯಿತು.

ಅವಳು ಅಪ್ಪಿಯನ್ನು ಎಲ್ಲಿಗೂ ಕಳಿಸಿರಲಿಲ್ಲ.

ಕೂಳೂರು ಸೇತುವೆಯ ಹತ್ತಿರ ಕ್ಯಾಂಟೀನು ನಡೆಸುವ ಅಪ್ಪಿ ಬೆನ್ನು ಹಿಡಿದುಕೊಂಡು ಅವಳಲ್ಲಿಗೆ ಬಂದದ್ದು ಎರಡು ತಿಂಗಳ ಹಿಂದೆ. ಮೂರನೆಯ ಸಲ ಬಂದಾಗ, ಮಲಗಿದರೂ ನೋವು ಬಿಡುವುದಿಲ್ಲ, ಸಂಜೆಯಾದರೆ ಮೈ ಕಾಯುತ್ತದೆ, ರವಿಕೆಗಳೆಲ್ಲ ಸಡಿಲವಾಗಿವೆ ಎಂದು ನಗುತ್ತಲೇ ಹೇಳಿದ್ದಳು. ಅಂಥ ಬೆನ್ನನ್ನು ಮುಟ್ಟದೆ ಬೇರೆ ವೈದ್ಯರಿಗೆ ಕಳಿಸಬೇಕೆಂದು ಮಲೇಷ್ಯಾದ ಕಾಲೇಜಿನಲ್ಲಿ ಮೊದಲ ವರ್ಷವೇ ಕಲಿಸಿದ್ದರು. ಝಹ್ರಾ ಅಷ್ಟನ್ನೂ ಫೈಲಿನಲ್ಲಿ ಬರೆದುಕೊಂಡಳು. ತೆರೆಸಾರ ನಂಬರನ್ನೂ ತೆಗೆದಳು. ಆಗ ಹಿಂದಿನ ವರ್ಷದ ಸಭೆ ನೆನಪಾಯಿತು. ಕೀಲುಗಳನ್ನು ಕೈಯಿಂದಲೇ ಸರಿಪಡಿಸುವ ತನ್ನ ವಿದ್ಯೆಯ ಬಗ್ಗೆ, ಇತರ ವೈದ್ಯರೊಂದಿಗೆ ಕೂಡಿ ಕೆಲಸ ಮಾಡುವ ಬಗ್ಗೆ ಇದೇ ಆಸ್ಪತ್ರೆಯಲ್ಲಿ ಅವಳು ಮಾತಾಡಿ ಮುಗಿಸಿದ್ದಳಷ್ಟೆ. ಹಿರಿಯ ಸರ್ಜನ್ ಒಬ್ಬರು, “ಅಂದ್ರೆ ನೀವು ಲಟಿಕೆ ತೆಗೀತೀರಿ, ಮುರಿದದ್ದನ್ನು ನಾವು ಜೋಡಿಸ್ಬೇಕು, ಅಷ್ಟೇ ಅಲ್ವಾ?” ಎಂದಿದ್ದರು. ಸಭೆಗೆ ಸಭೆಯೇ ನಕ್ಕಿತ್ತು. ನಗದೆ ಇದ್ದವರು ತೆರೆಸಾ ಒಬ್ಬರೇ. ಆದರೂ ಈ ಆಸ್ಪತ್ರೆಗೆ ಫೋನ್ ಮಾಡಿ, ಇದು ನನ್ನಿಂದಾಗದು ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಇನ್ನೊಂದು ವಾರ ನೋಡುವ ಎಂದುಕೊಂಡಳು. ಆ ವಾರ ನಾಲ್ಕಾಯಿತು. ಕೊನೆಗೆ ಬಚ್ಚಲಲ್ಲಿ ಕಾಲು ಸೋತು ಬಿದ್ದ ಅಪ್ಪಿಯನ್ನು ಮಗಳು ನಿರೀಕ್ಷಾ ಇಲ್ಲಿಗೆ ಎತ್ತಿ ತಂದಿದ್ದಳು.

ತೆರೆಸಾರ ಕೋಣೆಯಿಂದ ಹೊರಬಿದ್ದವಳು ಹೆಂಗಸರ ವಾರ್ಡಿಗೆ ಹೋದಳು. ಮಗಳು ಮದ್ದು ತರಲು ಹೋಗಿದ್ದಳು. ಅಪ್ಪಿಯ ಮುಖ ಅರಳಿತು.

“ಬಲೆ ಡಾಕ್ಟ್ರೇ, ಬನ್ನಿ, ಕೂತ್ಕೊಳ್ಳಿ.” ಆಮೇಲೆ ದನಿ ತಗ್ಗಿಸಿ, “ನೀವೇ ಕಳಿಸಿದ್ದು ಅಂತ ಹೇಳಿದ್ದೇನೆ. ಇಲ್ಲದಿದ್ರೆ ಈ ದೊಡ್ಡ ಡಾಕ್ಟ್ರುಗಳು ನಿಮ್ಮನ್ನು ಬಿಡ್ತಾರಾ? ಹೆಣ್ಣು ಒಬ್ಬಳೇ ನಿಂತು ಏನಾದ್ರೂ ನಡೆಸುದು ಎಷ್ಟು ಕಷ್ಟ ಅಂತ ನನಗೆ ಗೊತ್ತುಂಟು,” ಎಂದಳು.

ಝಹ್ರಾಳಿಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಹೊದಿಕೆಯ ಕೆಳಗೆ ಅಪ್ಪಿಯ ಪಾದಗಳು ಎರಡು ಬದಿಗೆ ವಾಲಿಕೊಂಡಿದ್ದವು.

“ಒಂದು ಕೇಳ್ಬೇಕು ನಿಮ್ಮತ್ರ. ಜ್ವರದ ವಿಷಯ ನಾನು ಹೇಳಿದ್ದೆ ಅಲ್ವಾ? ನಿರೀಕ್ಷಾ ದಿನಾ ಬೈತಾಳೆ. ನೀನು ಹೇಳಿರ್ಲಿಕ್ಕಿಲ್ಲ, ಹೇಳಿದ್ರೆ ಅವರು ಸುಮ್ನೆ ಇರ್ತಿದ್ರಾ, ಎಲ್ಲ ಮುಚ್ಚಿಡುದೇ ನಿನ್ನ ಚಾಳಿ ಅಂತ. ಕೇಳಿ ಕೇಳಿ ಈಗ ನನಗೇ ಡೌಟು ಮಾರಾಯ್ರೆ.”

“ಈಗ ಬಂದೆ,” ಎಂದಷ್ಟೇ ಹೇಳಿ ಝಹ್ರಾ ಎದ್ದಳು. ಕಾರಿಡಾರನ್ನು ಹೇಗೆ ದಾಟಿದಳೋ, ತೆರೆಸಾರ ಮೇಜಿನ ಮೇಲೆ ಫೈಲನ್ನು ಬಿಚ್ಚಿಟ್ಟು ನಿಂತಳು. ತೆರೆಸಾ ಓದಿದರು. ತಾರೀಕನ್ನು ಎರಡು ಸಲ ನೋಡಿದರು. ಅವಳದೇ ಅಕ್ಷರದಲ್ಲಿ ‘ಸಂಜೆ ಜ್ವರ, ತೂಕ ಇಳಿದಿದೆ, ಡಾ. ತೆರೆಸಾಗೆ ಫೋನ್’ ಎಂದಿತ್ತು.

“ನನಗೆ ಫೋನ್ ಬರ್ಲಿಲ್ಲ.”

“ಮಾಡ್ಲಿಲ್ಲ.”

“ಯಾಕೆ?”

“ನಗ್ತಾರೆ ಅಂತ.”

ತೆರೆಸಾ ಕನ್ನಡಕ ತೆಗೆದಿಟ್ಟರು. “ನಾನು ನಗ್ತಿದ್ದೆನಾ?” ಫೈಲಿನ ಆ ಸಾಲಿನ ಮೇಲೆ ಬೆರಳಿಟ್ಟರು. “ಮಗಳಿಗೆ ಗೊತ್ತುಂಟಾ ಇದು?”

“ಇಲ್ಲ.”

“ಮೊದಲು ಅಲ್ಲಿ ಹೇಳಿ. ಸೋಮವಾರ ಈ ಫೈಲ್ ಎಲ್ಲರ ಎದುರು ಇಡ್ಬೇಕಾಗ್ತದೆ. ನಾನಲ್ಲ, ನೀವೇ ಬಂದು ಇಡಿ.”

ವಾರ್ಡಿಗೆ ಮರಳಿದಾಗ ನಿರೀಕ್ಷಾ ಬಂದಿದ್ದಳು. ನರ್ಸು ಅಪ್ಪಿಯ ಹೊದಿಕೆ ಸರಿಸುತ್ತಿದ್ದಳು. ಕುಳಿತರೆ ಹೇಳಲಾಗದೆಂದು ಝಹ್ರಾ ಮಂಚದ ಕಾಲಬದಿಯಲ್ಲಿ ನಿಂತೇ ಹೇಳಿದಳು.

“ನಿಮ್ಮಮ್ಮ ನನ್ನತ್ರ ಎಲ್ಲ ಹೇಳಿದ್ರು. ಜ್ವರ, ತೂಕ ಇಳಿದದ್ದು, ಎಲ್ಲ. ನಾನು ಬರ್ದುಕೊಂಡಿದ್ದೆ. ಇಲ್ಲಿಗೆ ಕಳಿಸ್ಬೇಕು ಅಂತಾನೂ ಗೊತ್ತಿತ್ತು. ಕಳಿಸ್ಲಿಲ್ಲ.”

“ನೋಡು, ಹೇಳಿದ್ದೆ ನಾನು!” ಎಂದಳು ಅಪ್ಪಿ ಮಗಳಿಗೆ, ಗೆದ್ದವಳ ಹಾಗೆ. ಉಳಿದ ಮಾತು ತುಸು ತಡವಾಗಿ ತಲುಪಿರಬೇಕು. ಅವಳ ಮುಖದ ಮೇಲಿನ ನಗು ಮೆಲ್ಲಮೆಲ್ಲನೆ ಇಳಿಯಿತು.

ನಿರೀಕ್ಷಾ ತಾಯಿಯನ್ನೇ ನೋಡುತ್ತಿದ್ದಳು.

“ಮಗ್ಗುಲು ಮಾಡ್ಬೇಕು, ಯಾರಾದ್ರೂ ಒಬ್ರು ಸೊಂಟ ಹಿಡೀರಿ,” ಎಂದಳು ನರ್ಸು. ಝಹ್ರಾಳ ಕೈಗಳು ಅಭ್ಯಾಸಬಲದಿಂದ ಮುಂದೆ ಹೋದವು.

“ನೀವು ಮುಟ್ಬೇಡಿ,” ಎಂದಳು ನಿರೀಕ್ಷಾ. ದನಿಯೇನೂ ಏರಿರಲಿಲ್ಲ.

ಅವಳೇ ಬಂದು ತಾಯಿಯ ಸೊಂಟಕ್ಕೆ ಕೈಕೊಟ್ಟಳು. ನರ್ಸು ಒಂದು, ಎರಡು, ಮೂರು ಎಂದು ಎಣಿಸಿದಳು. ಅಪ್ಪಿ ನರಳುತ್ತ ಗೋಡೆಯ ಕಡೆಗೆ ಹೊರಳಿದಾಗ ಬೆನ್ನಿನ ಹಿಂದಿದ್ದ ದಿಂಬು ಜಾರಿ ನೆಲಕ್ಕೆ ಬಿತ್ತು. ಝಹ್ರಾ ಬಾಗಿ ಅದನ್ನೆತ್ತಿಕೊಂಡಳು. ಧೂಳು ಕೊಡವಿದಳು. ಕೊಡಿ ಎಂದು ಯಾರೂ ಕೈ ಚಾಚಲಿಲ್ಲ. ಅದನ್ನು ಎದೆಗೆ ಹಿಡಿದುಕೊಂಡು ಅವಳು ಅಲ್ಲೇ ನಿಂತಳು.