ಲಾಡಲೇಸಾಬ ವಕೀಲರ ಪಾಟೀಸವಾಲು

ಟಕ್.

ಇಷ್ಟೇ ಸಪ್ಪಳ. ಓಣಿಯ ನಾಯಿಗಳೂ ಮಲಗಿದ್ದ ಹೊತ್ತು. ಶಾಂಭವಿ ಹಾಸಿಗೆಯ ಮೇಲೆ ಎದ್ದು ಕುಳಿತಳು. ಪಕ್ಕದಲ್ಲಿ ಗಂಡ ಅರುಣಕುಮಾರ ಗೊರಕೆ ಹೊಡೆಯುತ್ತಿದ್ದ.

ಅದು ಮಾವನವರ ಸುಣ್ಣದ ಡಬ್ಬಿಯ ಸಪ್ಪಳ. ಆದರೆ ಎದೆಯ ಆಪರೇಷನ್ ಆದಮೇಲೆ ಮಾವ ಹಣಮಂತರಾಯರು ತಂಬಾಕು ಬಿಟ್ಟಿದ್ದರು. ಡಬ್ಬಿಯನ್ನು ಅತ್ತೆ ಗುರುಸಿದ್ದವ್ವ ತಮ್ಮ ಟ್ರಂಕಿನಲ್ಲಿ ಸೀರೆಗಳ ಅಡಿ ಬಚ್ಚಿಟ್ಟಿದ್ದರು. ಮತ್ತೆ ಶುರು ಮಾಡಿದರೇ? ಆಕೆ ಬರಿಗಾಲಲ್ಲಿ ಹೊರಬಂದಳು. ಮುಂದಿನ ಕೋಣೆಯ ಬಾಗಿಲ ಸಂದಿಯಲ್ಲಿ ನೀಲಿ ಬೆಳಕು. ಮಾವ ಕಾನೂನು ಪುಸ್ತಕಗಳ ಕಪಾಟಿನ ಕೆಳಗೆ ಕುಳಿತು, ಸುದ್ದಿ ನೋಡಲು ಇಟ್ಟುಕೊಂಡಿದ್ದ ಟ್ಯಾಬನ್ನು ಮೂಗಿಗೆ ಹತ್ತಿರ ಹಿಡಿದಿದ್ದರು.

ಟಕ್.

ಸಪ್ಪಳ ಟ್ಯಾಬಿನೊಳಗಿಂದ ಬರುತ್ತಿತ್ತು. ಶಾಂಭವಿ ಬಂದ ಹೆಜ್ಜೆಯಲ್ಲೇ ಹಿಂದೆ ಸರಿದಳು.

ಆಕೆ ಮನೆಯಲ್ಲೇ ಕುಳಿತು ಧಾರವಾಡದ ಸಣ್ಣ ಕಂಪನಿಯೊಂದಕ್ಕೆ ವಿಡಿಯೋ ಗೇಮಿನ ಮಾತು ಬರೆಯುತ್ತಿದ್ದಳು. ಕೋರ್ಟಿನ ಗೇಮು. ಆಡುವವರು ಆರೋಪಿಯ ಪರ ವಕೀಲರಾಗಿ ತಮಗೆ ಬೇಕಾದ ಹೆಸರಿಟ್ಟುಕೊಂಡು ವಾದ ಮಾಡಬೇಕು. ಎದುರಿಗೆ ಒಬ್ಬ ಸರಕಾರಿ ವಕೀಲ. ಅವನು ಕೂಗುವುದಿಲ್ಲ, ಬಯ್ಯುವುದಿಲ್ಲ. ಸಾಕ್ಷಿ ಬಾಯಿ ತೆರೆಯುವ ಹೊತ್ತಿಗೆ ಕರಿ ಕೋಟಿನ ಕಿಸೆಯಲ್ಲಿ ಸುಣ್ಣದ ಡಬ್ಬಿಯನ್ನು ಟಕ್ಕೆನಿಸುತ್ತಾನೆ. ಅಷ್ಟಕ್ಕೇ ಸಾಕ್ಷಿ ತಡವರಿಸುತ್ತದೆ. ಅವನನ್ನು ಗೆಲ್ಲುವ ದಾರಿ ಒಂದೇ: ಸಾಕ್ಷಿಯನ್ನು ಬಿಟ್ಟು ಅವನ ಕಿಸೆಯ ಕಡೆ ಬೆರಳು ತೋರಿಸಿ, ಆ ಡಬ್ಬಿಯನ್ನು ಮೇಜಿನ ಮೇಲೆ ಇಡಿಸಿರೆಂದು ನ್ಯಾಯಾಧೀಶರನ್ನು ಕೇಳಬೇಕು.

ಕಂಪನಿಯವರಿಗೆ ಆ ವಕೀಲನೇ ಬಹಳ ಹಿಡಿಸಿದ್ದ. ಅವನು ಯಾರೆಂದು ಶಾಂಭವಿ ಹೇಳಿರಲಿಲ್ಲ. ಸೀರೆ ಬಿಸಿಲಿಗೆ ಹಾಕುವಾಗ ಟ್ರಂಕಿನಿಂದ ಡಬ್ಬಿ ತೆಗೆದು, ಅದರ ಸಪ್ಪಳವನ್ನು ಫೋನಿನಲ್ಲಿ ಹಿಡಿದುಕೊಂಡದ್ದನ್ನೂ ಹೇಳಿರಲಿಲ್ಲ. ಪರೀಕ್ಷೆಗೆಂದು ಟ್ಯಾಬಿಗೆ ಹಾಕಿದ ಗೇಮನ್ನು ಅಳಿಸಲು ಮರೆತಿದ್ದಳು.

ಬೆಳಿಗ್ಗೆ ಮಾವ ಸ್ನಾನಕ್ಕೆ ಹೋದಾಗ ಟ್ಯಾಬ್ ತೆರೆದಳು. ಆಟ ಸೋತಲ್ಲಿ ನಿಂತಿತ್ತು. ವಕೀಲರ ಹೆಸರಿನ ಜಾಗದಲ್ಲಿ ಮಾವ ಬರೆದಿದ್ದರು: ಲಾಡಲೇಸಾಬ.

ಲಾಡಲೇಸಾಬ ವಕೀಲರು, ಸರಕಾರಿ ವಕೀಲರಾಗಿದ್ದ ಮಾವನವರ ಸರ್ವೀಸಿನುದ್ದಕ್ಕೂ ಅವರ ಎದುರು ನಿಂತವರು. ಕೋರ್ಟಿನೊಳಗೆ ಹಾವು ಮುಂಗುಸಿ, ಹೊರಗೆ ಒಂದೇ ಕಪ್ಪಿನ ಚಹಾ ಬಸಿಯಲ್ಲಿ ಹಂಚಿಕೊಳ್ಳುವವರು. ಅವರು ತೀರಿದ ದಿನ ಮಣ್ಣಿಗೆ ಹೋಗಿ ಬಂದ ಮಾವ ರಾತ್ರಿ ಉಂಡಿರಲಿಲ್ಲ ಎಂದು ಅತ್ತೆ ಒಮ್ಮೆ ಹೇಳಿದ್ದರು.

ಶಾಂಭವಿಗೆ ಏನೂ ತಿಳಿಯಲಿಲ್ಲ. ಸಿಟ್ಟೇ? ಮದುವೆಯಾಗಿ ವರ್ಷ ತುಂಬಿಲ್ಲ. ಸೊಸೆ ಮಾವನನ್ನು ಆಟದ ಖಳನಾಯಕ ಮಾಡಿದಳೆಂದರೆ ಈ ಮನೆಯಲ್ಲಿ ಯಾವ ಮುಖ ಹೊತ್ತು ಓಡಾಡುವುದು? ಗೇಮು ಸೋಮವಾರ ಹೊರಬರುವುದಿತ್ತು. ಬದಲಾವಣೆ ಇದ್ದರೆ ಸೋಮವಾರ ಬೆಳಿಗ್ಗೆಯೊಳಗೆ ತಿಳಿಸಿ ಎಂದಿದ್ದರು. ಇವತ್ತು ರವಿವಾರ.

ಆ ದಿನ ಇಡೀ ಮನೆ ತಿಕೋಟಾಕ್ಕೆ ಹೋಯಿತು, ಮಾವನವರ ಅಕ್ಕ ಅಕ್ಕನಾಗಮ್ಮನ ದ್ರಾಕ್ಷಿ ತೋಟಕ್ಕೆ. ಒಣದ್ರಾಕ್ಷಿ ಶೆಡ್ಡಿನ ನೆರಳಿನಲ್ಲಿ ಎಲ್ಲರೂ ಊಟಕ್ಕೆ ಕುಳಿತಾಗ ಅಕ್ಕನಾಗಮ್ಮ ತನ್ನ ಮೆಚ್ಚಿನ ಕತೆ ತೆಗೆದಳು.

"ಮಮದಾಪುರದ ಕುರಿ ಕಾಯಾಂವನ ಮ್ಯಾಲೆ ಕಳವಿನ ಕೇಸ್. ಸತ್ಯವ್ವ ಅನ್ನಾಕಿ ಸಾಕ್ಷಿ. 'ಆ ಸಂಜಿಕ ಇಂವ ಕೆರಿ ದಂಡಿಮ್ಯಾಲ ಇದ್ದ ರಿ, ನಾ ಕಣ್ಣಾರೆ ನೋಡೇನಿ' ಅಂತ ಗಟ್ಟಿ ನಿಂತಾಳ. ನಮ್ಮ ಹಣಮಂತ ಕಿಸೆದಾಗ ಕೈ ಹಾಕಿ ಟಕ್ ಅನಿಸಿದ. 'ಖರೇನ ನೋಡೀಯೇನವಾ?' ಮತ್ತ ಟಕ್. ಆಕಿ ಬೆವತು ನೀರಾಗಿ 'ನೆನಪಿಲ್ರಿ ಸಾಹೇಬ್ರ' ಅಂದ್ಲು! ಗಂಡನ ಹೆಸರು ಕೇಳಿದ್ರೂ ನೆನಪಿಲ್ಲ ಅಂತಿದ್ಲು ಬಿಡು!"

ಎಲ್ಲರೂ ನಕ್ಕರು. ಶಾಂಭವಿ ಈ ಕತೆಯನ್ನು ಮದುವೆಯಲ್ಲೂ ಕೇಳಿದ್ದಳು. ಅವತ್ತಿನಿಂದ ಸತ್ಯವ್ವನ ಬೆವರೇ ಆಕೆಯ ಮನಸ್ಸಿನಲ್ಲಿ ಉಳಿದಿತ್ತು. ಗೇಮು ಹುಟ್ಟಿದ್ದು ಅಲ್ಲಿಂದಲೇ; ಅದರ ಆರೋಪಿಯೂ ಕುರಿಗಾಹಿಯೇ.

ಹಣಮಂತರಾಯರು ಕೈಯಲ್ಲಿದ್ದ ರೊಟ್ಟಿ ಚೂರನ್ನು ತಾಟಿನಲ್ಲಿಟ್ಟರು. "ಸಾಕು ಬಿಡಬೇ ಅಕ್ಕಾ."

"ಯಾಕಲೇ? ಗೆದ್ದಾಂವ ನೀನ ಅಲ್ಲೇನು?"

"ಕುರಿಯಾಂವ ಜೇಲಿಗೆ ಹೋದ. ಸಾಕು." ಆಮೇಲೆ ತಲೆ ಎತ್ತಿ ಸೊಸೆಯನ್ನು ನೋಡಿದರು. "ಏನವಾ ಶಾಂಭವಿ, ಎಲ್ಲಾರೂ ನಕ್ಕರು, ನೀ ಯಾಕ ನಗಲಿಲ್ಲ?"

"ನಾ... ಉಣ್ಣಾಕತ್ತಿದ್ದೆ ರಿ ಮಾವಾರ."

"ಬಾಯಾಗ ತುತ್ತ ಇಲ್ಲಲಾ."

"ಏ, ಕೋರ್ಟ್ ಮುಗದದ ಮಾರಾಯಾ, ಹುಡುಗಿನ್ನ ಉಣ್ಣಾಕರ ಬಿಡು!" ಎಂದು ಅಕ್ಕನಾಗಮ್ಮ ಹೋಳಿಗೆ ಬಡಿಸಿದಳು. ಶಾಂಭವಿ ಅದನ್ನು ತಾಟಿನಲ್ಲೇ ಚೂರು ಮಾಡುತ್ತ ಕುಳಿತಳು.

ವಾಪಸಾಗುವಾಗ ಕತ್ತಲಾಗಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು, 'ಡಬ್ಬಿ ತೆಗೆದು ಪೆನ್ನು ಹಾಕಿ' ಎಂದು ಕಂಪನಿಗೆ ಬರೆದಳು. ಪೆನ್ನು ಹಿಡಿದ ವಕೀಲನಿಗೆ ಸತ್ಯವ್ವ ಯಾಕೆ ಹೆದರಬೇಕು? ಬರೆದದ್ದನ್ನು ಕಳಿಸಲಿಲ್ಲ, ಅಳಿಸಲೂ ಇಲ್ಲ. ಮುಂದಿನ ಸೀಟಿನಲ್ಲಿ ಮಾವನವರ ಬೆನ್ನು ಅಲುಗಾಡದೆ ಕುಳಿತಿತ್ತು. ಅವರು ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆ ರಾತ್ರಿ ಕಿವಿ ಬಾಗಿಲ ಕಡೆಗಿಟ್ಟೇ ಮಲಗಿದಳು. ಯಾವಾಗ ನಿದ್ದೆ ಹತ್ತಿತೋ.

ಬೆಳಿಗ್ಗೆ ಅಡುಗೆಮನೆಗೆ ಹೊರಟವಳು ಊಟದ ಮೇಜಿನ ಹತ್ತಿರ ನಿಂತುಬಿಟ್ಟಳು.

ಟ್ಯಾಬ್ ತೆರೆದೇ ಇತ್ತು. ಪರದೆಯ ಮೇಲೆ ಕುರಿಗಾಹಿ ಕಟಕಟೆ ಇಳಿಯುತ್ತಿದ್ದ: ಆರೋಪಿ ನಿರ್ದೋಷಿ. ವಾದಿಸಿ ಗೆದ್ದವರು, ವಕೀಲ ಲಾಡಲೇಸಾಬ. ಟ್ಯಾಬಿನ ಪಕ್ಕದಲ್ಲಿ, ಮೇಜಿನ ನಟ್ಟನಡುವೆ, ಅಂಚು ಸವೆದ ಆ ಸುಣ್ಣದ ಡಬ್ಬಿ.

ಅಷ್ಟರಲ್ಲಿ ಅತ್ತೆ ಬಂದರು. ಶಾಂಭವಿ ಗಡಬಡಿಸಿ ಟ್ಯಾಬ್ ಮುಚ್ಚಿದಳು. ಡಬ್ಬಿ ಉಳಿಯಿತು.

"ಅಯ್ಯ ಶಿವನ! ಈ ಸುಡಗಾಡ ಡಬ್ಬಿ ಯಾರ ತಗದ್ರು? ಮತ್ತ ಚಾಲೂ ಮಾಡ್ಯಾರೇನ ಇವ್ರು?"

ಮಾವ ಪಡಸಾಲೆಯಲ್ಲಿ ಪೇಪರ್ ಹಿಡಿದು ಕುಳಿತಿದ್ದರು. ಮುಖ ಕಾಣುತ್ತಿರಲಿಲ್ಲ.

"ನಾನ ತಗದೇನಿ ರಿ ಅತ್ಯಾರ. ನಿಮ್ಮ ಸೀರಿ ಮಡಚುಮುಂದ ಕೆಳಗ ಬಿತ್ತು."

"ಯಾವಾಗವಾ?"

"ನಿನ್ನಿ ಮಧ್ಯಾಹ್ನ ರಿ."

ನಿನ್ನೆ ಮಧ್ಯಾಹ್ನ ಎಲ್ಲರೂ ತಿಕೋಟಾದಲ್ಲಿದ್ದದ್ದು ಮಾತು ಬಾಯಿಂದ ಬಿದ್ದ ಮೇಲೆ ಹೊಳೆಯಿತು. ಬೆನ್ನಲ್ಲಿ ಬೆವರೊಡೆಯಿತು. ಇಂಥ ಸುಳ್ಳನ್ನು ಹಣಮಂತರಾಯರು ಎಂದಾದರೂ ಸುಮ್ಮನೆ ಬಿಟ್ಟವರೇ? ಪಡಸಾಲೆಯಲ್ಲಿ ಪೇಪರ್ ಮಡಚುವ ಸಪ್ಪಳವಾಯಿತು.

"ಚಹಾ ಆತೇನು?" ಎಂದರು ಮಾವ.

"ಆಗ್ತೈತಿ ತಡೀರಿ," ಎನ್ನುತ್ತ ಅತ್ತೆ ಒಲೆಯ ಕಡೆ ಹೋದರು.

ಶಾಂಭವಿ ಡಬ್ಬಿಯನ್ನು ಸೀರೆಗಳ ಅಡಿ ವಾಪಸಿಟ್ಟಳು. ಕಂಪನಿಗೆ ಬರೆದಿಟ್ಟದ್ದನ್ನು ಅಳಿಸಿ, 'ಬದಲಾವಣೆ ಇಲ್ಲ' ಎಂದು ಕಳಿಸಿದಳು. ಅರುಣಕುಮಾರ ಕಣ್ಣುಜ್ಜುತ್ತ ಬಂದು, "ಏನಾತು? ಅವ್ವ ಯಾಕ ಒದರಾಕತ್ತಿದ್ಲು?" ಎಂದ.

ಹೇಳಬೇಕೆನಿಸಿತು, ಒಂದು ಗಳಿಗೆ. ಹೇಳಿದರೆ ಅವನು ನಗುತ್ತ ಅಕ್ಕನಾಗಮ್ಮನಿಗೆ ಫೋನ್ ಹಚ್ಚುತ್ತಾನೆ. ಮುಂದಿನ ಮದುವೆಯೊಳಗೆ ಇದೂ ಒಂದು ಕತೆಯಾಗುತ್ತದೆ.

"ಏನಿಲ್ಲ," ಎಂದಳು. ಅವನಿಗೂ ಹೇಳುವುದಿಲ್ಲ, ಯಾರಿಗೂ ಇಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡು, ಮಾವನವರ ಚಹಾದ ಕಪ್ಪನ್ನು ಬಸಿಯಲ್ಲಿಟ್ಟು ಪಡಸಾಲೆಗೆ ಒಯ್ದಳು.